ಬಲಗಾಲಿಗೆ ಒಂದು, ಎಡಗಾಲಿಗೆ ಇನ್ನೊಂದು

ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿತ್ತು. ದೊಡ್ಡವರು ಎಂದೋ ಸ್ಕೂಟರ್ ಹತ್ತಿದರು. ಕೋಥರೂಡ್, ವಾರಜೆ, ಔಂಧ್‌ಗಳ ಸೊಸೈಟಿ ಅಂಗಳಗಳಲ್ಲಿ ಸೈಕಲ್ ಈಗ ಹೆಚ್ಚಾಗಿ ಮಕ್ಕಳದು. ಅಕ್ಕ ಬಿಟ್ಟದ್ದು ತಮ್ಮನಿಗೆ, ತಮ್ಮ ಬಿಟ್ಟದ್ದು ಪಕ್ಕದ ಮನೆಯ ಮಗುವಿಗೆ. ಇಂಥ ಸೈಕಲ್ ಬಿದ್ದಾಗಲೆಲ್ಲ ನೆಲಕ್ಕೆ ಬಡಿಯುವುದು ಪೆಡಲ್. ಬೇಗ ಒಡೆಯುವುದೂ ಅದೇ. ಆಗ ಅಂಗಡಿಯಲ್ಲಿ ನಾವು ಕೇಳುವುದು ಬಣ್ಣ ಮತ್ತು ಬೆಲೆ. ಕೇಳಬೇಕಾದ್ದು ಬೇರೆ: ಇದು ಈ ಸೈಕಲ್ಲಿನ ತೂತಿಗೆ ಕೂಡುತ್ತದೆಯೇ, ಈ ಮಗುವಿನ ಪಾದಕ್ಕೆ ಹಿಡಿತ ಕೊಡುತ್ತದೆಯೇ?

ತೂತಿನ ಮಾತು ಮೊದಲು, ಏಕೆಂದರೆ ಎಡವುವುದು ಅಲ್ಲೇ. ಪೆಡಲಿನ ಆಕ್ಸಲ್ ಹೆಚ್ಚಾಗಿ ಎರಡು ಅಳತೆಯಲ್ಲಿ ಬರುತ್ತದೆ: ಅರ್ಧ ಇಂಚು, ಅಂದರೆ 12.7 ಮಿ.ಮೀ.; 9/16 ಇಂಚು, ಅಂದರೆ ಸುಮಾರು 14.3 ಮಿ.ಮೀ. ಪೆಡಲ್ ಕೂರುವ ಕ್ರ್ಯಾಂಕಿನ ಎರಡು ತೋಳು, ನಡುವಿನ ಸರಳು ಎಲ್ಲವೂ ಬಗ್ಗಿಸಿದ ಒಂದೇ ಕಬ್ಬಿಣದ ತುಂಡಾಗಿದ್ದರೆ ಅರ್ಧ ಇಂಚಿನದು ಬೇಕು. ತೋಳುಗಳು ಬೇರೆಬೇರೆಯಾಗಿ ಬಿಚ್ಚುವಂತಿದ್ದರೆ ಸಾಮಾನ್ಯವಾಗಿ 9/16. ವ್ಯತ್ಯಾಸ 1.6 ಮಿ.ಮೀ. ಮಾತ್ರ, ಕಣ್ಣಿಗೆ ಗೊತ್ತಾಗುವುದಿಲ್ಲ. ಹಳೆಯ ಪೆಡಲನ್ನೇ ಅಂಗಡಿಗೆ ಒಯ್ಯುವುದು ಸುಲಭದ ದಾರಿ. ಅದಕ್ಕಿಂತ ಮುಖ್ಯ, ಎಡ ಪೆಡಲಿನ ತಿರುಪು ಉಲ್ಟಾ. ತುಳಿತದ ಭಾರ ಸುತ್ತುತ್ತಾ ಹೋದಂತೆ ಆಕ್ಸಲ್ ತೂತಿನೊಳಗೆ ತುಸುತುಸುವೇ ಉರುಳುತ್ತದೆ. ಎಡಕ್ಕೂ ಬಲದ ತಿರುಪೇ ಇದ್ದರೆ ಪೆಡಲ್ ದಾರಿಯಲ್ಲೇ ಸಡಿಲವಾಗುತ್ತದೆ. ಅದಕ್ಕೇ ಆಕ್ಸಲ್ ತುದಿಯಲ್ಲಿ ಎಲ್, ಆರ್ ಎಂಬ ಗುರುತು. ‘ಸ್ವಲ್ಪ ಜೋರು ಮಾಡಿದರೆ ಕೂರುತ್ತದೆ’ ಎಂದು ಪಾನಾ ಹಿಡಿದವರು ಹೇಳಿದರೆ ಅಲ್ಲೇ ತಡೆಯಿರಿ. ಸರಿಯಾದ ಪೆಡಲ್ ಮೊದಲ ನಾಲ್ಕೈದು ಸುತ್ತು ಬೆರಳಿಗೇ ತಿರುಗುತ್ತದೆ. ಜೋರು ಮಾಡಿದರೆ ಹಾಳಾಗುವುದು ಕ್ರ್ಯಾಂಕಿನ ಥ್ರೆಡ್. ಪುಣೆಯ ಗ್ಯಾರೇಜಿನಲ್ಲಿ ‘ಆಟೆ ಗೇಲೆ’ (ಥ್ರೆಡ್ ಹೋಯಿತು) ಎನ್ನಿಸಿಕೊಂಡ ಮೇಲೆ ಪೆಡಲ್ ಜೊತೆ ಕ್ರ್ಯಾಂಕಿನ ಖರ್ಚೂ ತಲೆಗೆ ಬರುತ್ತದೆ.

ಇನ್ನು ಹಿಡಿತ. ಲೋಹದ್ದೇ ಗಟ್ಟಿ, ಅದನ್ನೇ ಹಾಕಿಸೋಣ ಎನ್ನುವವರಿದ್ದಾರೆ. ಗಟ್ಟಿಯೆನ್ನುವುದು ನಿಜ. ಆದರೆ ಮುಳ್ಳಿನಂಥ ಪಿನ್ನುಗಳುಳ್ಳ ಲೋಹದ ಪೆಡಲ್ ಜಾರಿದ ಕಾಲಿನ ಮುಂಗಾಲನ್ನು ಸೀಳುತ್ತದೆ, ಚಡ್ಡಿ ಹಾಕಿದ ಮಕ್ಕಳಿಗೆ ಅದು ತಕ್ಕದ್ದಲ್ಲ. ನುಣುಪಾದ ಅಗ್ಗದ ಪ್ಲಾಸ್ಟಿಕ್ ಇನ್ನೊಂದು ತುದಿಯ ತೊಂದರೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಣೆಯಲ್ಲಿ ಒದ್ದೆ ಶೂ, ಕೆಸರು ಮೆತ್ತಿದ ಚಪ್ಪಲಿ ಅದರ ಮೇಲೆ ನಿಲ್ಲುವುದಿಲ್ಲ. ನಡುವಿನ ದಾರಿಯೇ ಸರಿ: ಎರಡೂ ಮೈಯಲ್ಲಿ ಒರಟು ಗೆರೆಗಳಿರುವ ಗಟ್ಟಿ ನೈಲಾನ್, ಅಥವಾ ರಬ್ಬರ್ ಪಟ್ಟಿಯುಳ್ಳದ್ದು. ಎರಡೂ ಮೈ ಎಂದು ಒತ್ತಿ ಹೇಳುವುದು ಏಕೆಂದರೆ ಮಗು ಕೆಳಗೆ ನೋಡಿ ಪೆಡಲ್ ಹುಡುಕಬಾರದು, ಅದರ ಕಣ್ಣು ರಸ್ತೆಯ ಮೇಲಿರಬೇಕು. ಅಗಲ ಹೆಚ್ಚಿದಷ್ಟು ಒಳ್ಳೆಯದು ಎಂಬುದೂ ಅರ್ಧ ಸತ್ಯ. ತಿರುವಿನಲ್ಲಿ ಸೈಕಲ್ ವಾಲಿದಾಗ ಅಗಲದ ಪೆಡಲ್ ನೆಲಕ್ಕೆ ತಾಗಿ ಮಗುವನ್ನು ಬೀಳಿಸುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ 25 ಡಿಗ್ರಿ ವಾಲಿಸಿದರೂ ಅದು ನೆಲ ಮುಟ್ಟಬಾರದೆಂದು ಅಮೆರಿಕದ ಸುರಕ್ಷಾ ನಿಯಮ ಹೇಳುತ್ತದೆ; ಸೈಕಲ್ಲನ್ನು ಕೈಯಲ್ಲಿ ಹಿಡಿದು ಬಾಗಿಸಿ ಮನೆಯಲ್ಲೇ ಇದನ್ನು ನೋಡಬಹುದು.

ಎರಡು ವರ್ಷಕ್ಕೆ ಮಗು ಈ ಸೈಕಲ್ ಮೀರಿ ಬೆಳೆಯುತ್ತದೆ, ಇಷ್ಟೆಲ್ಲ ಲೆಕ್ಕ ಯಾಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ದುಬಾರಿ ಪೆಡಲ್ ಬೇಕಿಲ್ಲ ಎಂಬಷ್ಟನ್ನು ಅದರಿಂದ ಒಪ್ಪಬಹುದು. ಅಳತೆ ನೋಡುವುದಕ್ಕಾಗಲೀ ಪೆಡಲಿನ ಮೈ ಮುಟ್ಟಿ ನೋಡುವುದಕ್ಕಾಗಲೀ ಹಣ ಬೇಕಿಲ್ಲ. ಮಗು ಮೀರಿ ಬೆಳೆದ ಸೈಕಲ್ ಅಂಗಳದಲ್ಲಿ ಇನ್ನೊಂದು ಮಗುವಿಗೆ ಹೋಗುತ್ತದೆ, ಕೆಟ್ಟ ಥ್ರೆಡ್ಡೂ ಜೊತೆಗೇ ಹೋಗುತ್ತದೆ. ಹಾಕಿಸುವಾಗ ಥ್ರೆಡ್ಡಿಗೆ ಗ್ರೀಸ್ ಸವರಿಸಿ, ಪಾನಾವನ್ನು ಮೇಲ್ಮುಖವಾಗಿಟ್ಟು ಎರಡೂ ಬದಿಯಲ್ಲಿ ಮುಂದಿನ ಗಾಲಿಯತ್ತ ತಿರುಗಿಸಿ ಬಿಗಿ ಮಾಡಿಸಿ. ವಾರ ಕಳೆದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.