ಅಘನಾಶಿನಿ: ಹೊಳೆ ಹರಿದಂತೆ ಊಟ, ವಸತಿ, ಅಲೆದಾಟ

ಅಘನಾಶಿನಿ ಕಣಿವೆಗೆ ಪ್ರವಾಸ ಹೊರಟವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪಟ್ಟಿ ಇರುತ್ತದೆ: ಉಂಚಳ್ಳಿ, ಯಾಣ, ಮಿರ್ಜಾನ್ ಕೋಟೆ, ಗೋಕರ್ಣ. ಎರಡು ದಿನದಲ್ಲಿ ನಾಲ್ಕನ್ನೂ ನೋಡಿ, ನಡುವೆ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಊಟ ಮುಗಿಸಿ ವಾಪಸಾಗುವವರೇ ಹೆಚ್ಚು. ಈ ತಾಣಗಳೆಲ್ಲ ಒಂದೇ ಹೊಳೆಯ ಆಸುಪಾಸಿನವು ಎಂಬುದು ಆ ಪಟ್ಟಿಯಿಂದ ತಿಳಿಯುವುದೇ ಇಲ್ಲ. ಶಿರಸಿಯ ಶಂಕರಹೊಂಡದಲ್ಲಿ ಒಂದು ಮೂಲ, ಮಂಜುಗುಣಿಯ ಕಡೆಯ ಹಳ್ಳದಲ್ಲಿ ಇನ್ನೊಂದು ಮೂಲ ಪಡೆದು, ಸಿದ್ದಾಪುರ ತಾಲ್ಲೂಕಿನ ಕಾಡಿನಲ್ಲಿ ಘಟ್ಟ ಇಳಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರ ಸೇರುವ ಈ ನದಿಯ ಉದ್ದ ಸುಮಾರು 120 ಕಿ.ಮೀ. ಅಷ್ಟು ದೂರದಲ್ಲಿ ಎಲ್ಲಿಯೂ ಅದಕ್ಕೆ ದೊಡ್ಡ ಅಣೆಕಟ್ಟೆ ಅಡ್ಡ ಬಂದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಉತ್ತರದಲ್ಲಿ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಇವೆ. ದಕ್ಷಿಣದಲ್ಲಿ ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪೆ ಇವೆ. ಅಘನಾಶಿನಿ ಮಾತ್ರ ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಸೊರಗುವ ತನ್ನ ಹಳೆಯ ಕ್ರಮದಲ್ಲೇ ಉಳಿದಿದೆ. ಇಲ್ಲಿ ಉಣ್ಣಲು ಸಿಗುವುದು, ತಂಗಲು ಸಿಗುವುದು, ಕಣ್ಣಿಗೆ ಕಾಣುವುದು ಎಲ್ಲವೂ ಈ ಏರಿಳಿತದ ಫಲ. ಆದ್ದರಿಂದ ತಾಣಗಳ ಪಟ್ಟಿಯನ್ನು ಬದಿಗಿಟ್ಟು ಹೊಳೆಯನ್ನೇ ಹಿಡಿದು, ಮೇಲಿನಿಂದ ಕೆಳಕ್ಕೆ, ಊಟದಿಂದ ಊಟಕ್ಕೆ ಸಾಗುವುದೇ ಈ ಕಣಿವೆಯನ್ನು ನೋಡುವ ಸರಿಯಾದ ಕ್ರಮ ಎಂಬುದು ನನ್ನ ವಾದ.

ಮೇಲಿನ ಭಾಗದಿಂದಲೇ ಶುರುಮಾಡೋಣ. ಬೆಂಗಳೂರು, ಮೈಸೂರಿನ ಕಡೆಯವರು ರೈಲಿನಲ್ಲಿ ತಾಳಗುಪ್ಪಕ್ಕೆ ಬಂದರೆ ಸಿದ್ದಾಪುರ ಹತ್ತಿರ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಅಡಿಕೆ ತೋಟದ ಮನೆಗಳೇ ಹೋಮ್‌ಸ್ಟೇಗಳಾಗಿವೆ. ಕಣಿವೆಯ ತಗ್ಗಿನಲ್ಲಿ ತೋಟ, ತೋಟದ ತಲೆಯ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು: ಇದು ಇಲ್ಲಿನ ಕೃಷಿಯ ಮೂಲ ನಕ್ಷೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಳಸುವ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ಊಟದ ಎಲೆಯ ಮೇಲೂ ಇದೇ ನಕ್ಷೆ ಕಾಣುತ್ತದೆ. ಒಂದೆಲಗದ ತಂಬುಳಿ ತೋಟದ ಒದ್ದೆ ಅಂಚಿನದು, ಮುರುಗಲ ಸಾರು ಬೆಟ್ಟದ್ದು, ಅಪ್ಪೆಮಿಡಿ ಹೊಳೆದಂಡೆಯದು. ಅಪ್ಪೆ ಮರಗಳು ಈ ಸೀಮೆಯ ಹೊಳೆ, ಹಳ್ಳಗಳ ದಂಡೆಯಲ್ಲಿ ತಾವಾಗಿ ಬೆಳೆದವು. ಒಂದೊಂದು ಮರದ ಮಿಡಿಗೂ ಬೇರೆ ಪರಿಮಳ, ಬೇರೆ ಸೊನೆ. ಉಪ್ಪಿನಕಾಯಿ ಹಾಕುವವರಿಗೆ ಯಾವ ಮರದ ಮಿಡಿ ವರ್ಷಗಟ್ಟಲೆ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಬಾಯಿಪಾಠ. ಹಸಿ ಮಾವಿನ ಹುಳಿಗೆ ಇಂಗಿನ ಒಗ್ಗರಣೆ ಬಿದ್ದ ತೆಳ್ಳನೆಯ ಅಪ್ಪೆಹುಳಿಯನ್ನು ಊಟದ ನಡುವೆ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವುದು ಬೇಸಿಗೆಯ ಸುಖ. ಜನವರಿಯಿಂದ ಮಾರ್ಚ್ ನಡುವೆ, ಆಲೆಮನೆಯ ಕಾಲಕ್ಕೆ ಹೋದವರು ತೊಡದೇವನ್ನು ಕೇಳಿಯೇ ತಿನ್ನಬೇಕು. ಬೋರಲು ಹಾಕಿದ ಮಣ್ಣಿನ ಗಡಿಗೆಯ ಕೆಳಗೆ ಬೆಂಕಿ. ನುಣ್ಣಗೆ ರುಬ್ಬಿದ ಅಕ್ಕಿಹಿಟ್ಟಿಗೆ ಕಬ್ಬಿನ ಹಾಲು ಸೇರಿಸಿ, ಕೋಲಿಗೆ ಸುತ್ತಿದ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಾದ ಗಡಿಗೆಯ ಬೆನ್ನಿನ ಮೇಲೆ ಒಂದೇ ಎಳೆತದಲ್ಲಿ ಸವರುತ್ತಾರೆ. ಕ್ಷಣದಲ್ಲಿ ಅಂಚು ಬಿಡುತ್ತದೆ. ಬಿಸಿ ಇರುವಾಗಲೇ ಮಡಚಬೇಕು, ತಡವಾದರೆ ಪುಡಿಪುಡಿ. ಕೈ ಪಳಗದವರಿಗೆ ಒಂದೂ ಇಡಿಯಾಗಿ ಏಳುವುದಿಲ್ಲ.

ಹೊಳೆ ಘಟ್ಟ ಇಳಿಯುವ ಜಾಗವೇ ಉಂಚಳ್ಳಿ. ಹೆಗ್ಗರಣೆಯ ಹತ್ತಿರ, ದಟ್ಟ ಕಾಡಿನ ನಡುವೆ ನೀರು 116 ಮೀಟರ್ ಕೆಳಕ್ಕೆ ಬೀಳುತ್ತದೆ. ಬ್ರಿಟಿಷರ ಕಾಲದ ಬರಹಗಳಲ್ಲಿ ಇದು ಲಷಿಂಗ್ಟನ್ ಜಲಪಾತ. ಊರವರು ಇದರ ಅಬ್ಬರಕ್ಕೆ ಸೋತು ಕೆಪ್ಪ ಜೋಗ ಎಂದರು. ಜೋಗದ ನೀರು ಲಿಂಗನಮಕ್ಕಿಯ ಬಾಗಿಲಿನ ಮರ್ಜಿಗೆ ಬಿದ್ದಿದೆ. ಉಂಚಳ್ಳಿ ಮಳೆಯ ಮರ್ಜಿಗೆ ಮಾತ್ರ. ಆದ್ದರಿಂದಲೇ ಮೇ ತಿಂಗಳಿನಲ್ಲಿ ಹೋಗಿ ನೀರಿಲ್ಲವೆಂದು ಬೇಸರಪಡುವುದಕ್ಕಿಂತ ಅಕ್ಟೋಬರಿನಿಂದ ಡಿಸೆಂಬರ್ ನಡುವೆ ಹೋಗುವುದು ಒಳ್ಳೆಯದು. ಮಂಜು ಸರಿದಿರುತ್ತದೆ, ನೀರಿನ ಮೈ ಇನ್ನೂ ತುಂಬಿರುತ್ತದೆ. ಸುತ್ತಲಿನ ಕಾಡು ಸಿಂಗಳೀಕಗಳ ನೆಲೆ. ಜೌಗಿನಲ್ಲಿ ಬೇರನ್ನು ನೀರಿನಿಂದ ಮೇಲಕ್ಕೆ ಎತ್ತಿ ಉಸಿರಾಡುವ ರಾಮಪತ್ರೆಯ ಜಾತಿಯ ಮರಗಳೂ ಇಲ್ಲಿವೆ. 2011ರಲ್ಲಿ ಸರ್ಕಾರ ಈ ಕಾಡನ್ನು ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು, 2019ರಲ್ಲಿ ಅದು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿತು. ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರಗಳ ಬಳಿಯ ಚಂಡಿಕಾ ಹೊಳೆಯೂ ಕೊನೆಗೆ ಇದೇ ನದಿಗೆ ಬಂದು ಸೇರುತ್ತದೆ. ಯಾಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದಕ್ಕೆ ಜನರ ಕೊರತೆ ಇಲ್ಲ.

ಕಣಿವೆಯ ಅತಿ ಶ್ರೀಮಂತ ಭಾಗ ಕೆಳಗಿನದು, ಪ್ರವಾಸಿಗರು ಸೇತುವೆಯ ಮೇಲಿನಿಂದ ನೋಡಿ ದಾಟಿಹೋಗುವ ಅಳಿವೆ. ಮಳೆಗಾಲದಲ್ಲಿ ಘಟ್ಟದ ನೀರು ನುಗ್ಗಿ ಅಳಿವೆ ಸಿಹಿಯಾಗುತ್ತದೆ. ಮಳೆ ನಿಂತ ಮೇಲೆ ಭರತದ ಜೊತೆ ಸಮುದ್ರ ಒಳಕ್ಕೆ ಸರಿದು, ಬೇಸಿಗೆಯ ಹೊತ್ತಿಗೆ ಉಪ್ಪು ಏರುತ್ತದೆ. ಬಳಚು, ಏಡಿ, ಸಿಗಡಿಗಳ ಬದುಕು ಈ ಉಪ್ಪಿನ ಏರಿಳಿತಕ್ಕೆ ಹೊಂದಿಕೊಂಡಿದೆ. ಇಳಿತದ ಹೊತ್ತಿನಲ್ಲಿ ಹೆಂಗಸರು, ಗಂಡಸರು ಮೊಣಕಾಲುದ್ದ ನೀರಿನಲ್ಲಿ ನಿಂತು ಮರಳಿನೊಳಗಿಂದ ಬಳಚು ಹೆಕ್ಕುತ್ತಾರೆ, ಆಳವಿದ್ದಲ್ಲಿ ಮುಳುಗಿ ತೆಗೆಯುತ್ತಾರೆ. ಅಣೆಕಟ್ಟೆ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಊಹೆ ಬೇಕಿಲ್ಲ, ಪಕ್ಕದ ಶರಾವತಿಯೇ ಇದೆ. ಅಲ್ಲಿ ವಿದ್ಯುತ್ ಉತ್ಪಾದಿಸಿದ ನೀರು ವರ್ಷವಿಡೀ ಕೆಳಕ್ಕೆ ಬರುವುದರಿಂದ ಬೇಸಿಗೆಯಲ್ಲೂ ಹೊನ್ನಾವರದ ಅಳಿವೆಯಲ್ಲಿ ಉಪ್ಪು ಮೊದಲಿನಂತೆ ಏರುವುದಿಲ್ಲ, ಚಿಪ್ಪುಜೀವಿಗಳು ಅಲ್ಲಿ ಸೊರಗಿವೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಈ ಎರಡು ಅಳಿವೆಗಳನ್ನು ಹೋಲಿಸಿ ಇದನ್ನು ದಾಖಲಿಸಿದ್ದಾರೆ. ಕುಮಟಾದಲ್ಲಿ ಬಳಚಿನ ಸುಕ್ಕಾ, ಜುಮ್ಮನಕಾಯಿ ಹಾಕಿದ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನದ ಮೀನೂಟ ಉಣ್ಣುವವರು ಘಟ್ಟದ ಮೇಲೆ ಯಾರೂ ತಡೆಯದ ನೀರಿನ ಫಲವನ್ನೇ ಉಣ್ಣುತ್ತಿದ್ದಾರೆ.

ಇದೇ ಏರಿಳಿತವನ್ನು ಕೃಷಿಯಾಗಿಸಿದ ಕಸುಬು ಗಜನಿ. ಮಾಣಿಕಟ್ಟಾದಂಥ ಊರುಗಳಲ್ಲಿ ಅಳಿವೆಯ ಅಂಚಿಗೆ ಕಟ್ಟೆ ಹಾಕಿ, ನೀರು ಬಿಡಲು ತಡೆಯಲು ಅಲ್ಲಲ್ಲಿ ಬಾಗಿಲು ಇಟ್ಟಿದ್ದಾರೆ. ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕಗ್ಗ ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ತೆನೆ ಕೊಯ್ದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ, ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಸಿಗಡಿ, ಮೀನುಗಳಿಗೆ ಆಹಾರ. ಒಂದೇ ನೆಲ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಸಾರು ಕೊಡುತ್ತದೆ. ರಾಜ್ಯದಲ್ಲಿ ಇಷ್ಟು ಜಾಣ ಬೇಸಾಯ ಇನ್ನೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ ಎಂದೇ ನಾನು ಭಾವಿಸುತ್ತೇನೆ. ಸಿಗಡಿಯ ಲಾಭದ ಆಸೆಗೆ ಅನೇಕ ಗಜನಿಗಳಲ್ಲಿ ಭತ್ತ ನಿಂತುಹೋಯಿತು, ರೋಗ ಬಂದು ಸಿಗಡಿಯೂ ಕೈಕೊಟ್ಟಿತು. ಕಗ್ಗ ಉಳಿದಿರುವುದು ಕೆಲವೇ ಊರುಗಳಲ್ಲಿ. ತುಸು ದೂರದ ಸಾಣಿಕಟ್ಟಾದಲ್ಲಿ ಅಳಿವೆಯ ನೀರನ್ನೇ ಪಾತಿಗಳಲ್ಲಿ ಬಿಸಿಲಿಗೆ ಇಂಗಿಸಿ ಉಪ್ಪು ತೆಗೆಯುತ್ತಾರೆ. ಫೆಬ್ರುವರಿಯಿಂದ ಮೇ ವರೆಗೆ ಹೋದರೆ ಪಾತಿಯ ತಳದಿಂದ ಉಪ್ಪನ್ನು ಗೋರಿ ರಾಶಿ ಹಾಕುವ ಕೆಲಸವನ್ನು ನೋಡಬಹುದು. ಗೋಕರ್ಣದ ದಾರಿಯಲ್ಲೇ ಇರುವುದರಿಂದ ಇದಕ್ಕಾಗಿ ಸುತ್ತು ಹಾಕಬೇಕಿಲ್ಲ.

ಅಣೆಕಟ್ಟೆಯೂ ಪ್ರವಾಸ ತರುತ್ತದಲ್ಲ ಎಂದು ಕೇಳುವವರಿದ್ದಾರೆ. ನಿಜ. ದಾಂಡೇಲಿಯ ರಾಫ್ಟಿಂಗ್ ನಡೆಯುವುದೇ ಸೂಪಾದಿಂದ ಬಿಡುವ ನೀರಿನ ಮೇಲೆ, ಅದರಿಂದ ಅಲ್ಲಿ ನೂರಾರು ಜನರಿಗೆ ಕೆಲಸ ಸಿಕ್ಕಿದೆ. ಆದರೆ ಅದು ಒಂದು ಕಡೆ ಸೇರುವ ದುಡಿಮೆ. ಅಘನಾಶಿನಿಯದು ಹಂಚಿಹೋದ ದುಡಿಮೆ: ಮಿಡಿ ಕೊಯ್ಯುವವರು, ಬಳಚು ಹೆಕ್ಕುವವರು, ಗಜನಿಯವರು, ಉಪ್ಪಿನ ಪಾತಿಯವರು, ದೋಣಿಯವರು ಎಲ್ಲರೂ ಅದೇ ನೀರಿನಿಂದ ಬದುಕುತ್ತಾರೆ. ಪ್ರವಾಸಿಗರು ಬಾರದಿದ್ದರೂ ಈ ಬದುಕು ನಡೆಯುತ್ತದೆ. ತಡೆಯಿಲ್ಲದೆ ಹರಿಯುವ ನದಿ ಇದೊಂದೇ ಅಲ್ಲ, ಗಂಗಾವಳಿಯೂ ಇದೆಯಲ್ಲ ಎಂಬ ಮಾತೂ ಸರಿಯೇ. ಅದಕ್ಕೆ ಅಣೆಕಟ್ಟೆ ಕಟ್ಟುವ ಬೇಡ್ತಿ ಯೋಜನೆಯನ್ನು ಜನರೇ ಹೋರಾಡಿ ನಿಲ್ಲಿಸಿದ್ದರಿಂದ ಅದೂ ಉಳಿದಿದೆ. ಹಾಗೆಯೇ ತದಡಿಯಲ್ಲಿ 4,000 ಮೆಗಾವಾಟ್ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುವುದೆಂದಾಗ ಕರಾವಳಿಯ ಜನ ಎದ್ದುನಿಂತರು, ಯೋಜನೆಯನ್ನು ಕೈಬಿಡಲಾಯಿತು. ನದಿ ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡದ್ದು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಹೋಮ್‌ಸ್ಟೇ ಎಂದರೆ ಬಹುಪಾಲು ಘಟ್ಟದ ಮೇಲಿನ ತೋಟದ ಒಡೆಯರ ಮನೆ. ಹಾಗಾದರೆ ಪ್ರವಾಸಿಗರ ಹಣ ಅಲ್ಲಿಯೇ ನಿಲ್ಲುತ್ತದೆ, ಅಳಿವೆಯ ಅಂಬಿಗರಿಗೆ, ಹರಿಕಂತ್ರರಿಗೆ, ಹಾಲಕ್ಕಿ ಒಕ್ಕಲಿಗರಿಗೆ ಏನು ಸಿಕ್ಕಿತು? ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಹೊಳೆಯ ಜೊತೆ ಕೆಳಕ್ಕೆ ಇಳಿಯಿರಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಎರಡು ರಾತ್ರಿ ಮೇಲೆ ಉಳಿದರೆ ಒಂದು ರಾತ್ರಿಯಾದರೂ ಕುಮಟಾದಲ್ಲಿ ಉಳಿಯಬಹುದು. ಕೊಂಕಣ ರೈಲ್ವೆಯ ನಿಲ್ದಾಣವೂ ಇದೆ, ಸಾಧಾರಣ ಲಾಡ್ಜ್‌ಗಳೂ ಇವೆ. ಹೊಳೆದಡದ ರೆಸಾರ್ಟಿನ ಸೌಕರ್ಯ ಅಲ್ಲಿ ಸಿಗುವುದಿಲ್ಲ, ಸಿಗದಿದ್ದರೆ ನಷ್ಟವೂ ಇಲ್ಲ. ಬೆಳಗಿನ ಮೀನು ಪೇಟೆ ನೋಡಿ, ಮಿರ್ಜಾನಿನ ಜಂಬಿಟ್ಟಿಗೆಯ ಕೋಟೆಯನ್ನು ಬಿಸಿಲೇರುವ ಮೊದಲು ಸುತ್ತಿ ಬನ್ನಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕೋಟೆ ಇದು. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಆ ಮೆಣಸು ಘಟ್ಟದ ತೋಟಗಳಿಂದ ಇಳಿದು ಸಮುದ್ರ ತಲುಪುತ್ತಿದ್ದುದು ಈ ಹೊಳೆಯ ದಾರಿಯಲ್ಲೇ. ಅಲ್ಲಿಂದ ತದಡಿಗೆ ಹೋಗಿ, ಊರವರು ದಿನವೂ ಬಳಸುವ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಊರಿಗೆ ದಾಟಬಹುದು. ನದಿಮುಖದ ಅಗಲ ಎಷ್ಟೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಜನ ಹೆಚ್ಚಾದರೆ ಇದೂ ಕೆಡುತ್ತದೆ ಎಂಬ ಭಯ ಸುಳ್ಳಲ್ಲ. ಅತಿಯಾಗಿ ಬಳಚು ತೆಗೆದದ್ದರಿಂದ, ಮರಳು ಎತ್ತಿದ್ದರಿಂದ ಅಳಿವೆ ಈಗಾಗಲೇ ಬಳಲಿದೆ. 2024ರ ಜನವರಿಯಲ್ಲಿ 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮನ್ನಣೆ ಸಂತೋಷವೇ, ಆದರೆ ಫಲಕ ನೆಟ್ಟ ಮಾತ್ರಕ್ಕೆ ಗಜನಿಯಲ್ಲಿ ಕಗ್ಗ ಬೆಳೆಯುವುದಿಲ್ಲ. ಕೊಳ್ಳುವವರು ಇದ್ದರೆ ಬೆಳೆಯುತ್ತದೆ. ಪ್ರವಾಸಿಗರು ನೇರವಾಗಿ ಕೈಹಾಕಬಹುದಾದದ್ದು ಇಲ್ಲಿಯೇ. ಕುಮಟಾದಲ್ಲಿ ಊಟಕ್ಕೆ ಕುಳಿತಾಗ ಕಗ್ಗದ ಅನ್ನ ಸಿಗುತ್ತದೆಯೇ ಎಂದು ಕೇಳಿ. ಹತ್ತರಲ್ಲಿ ಒಂಬತ್ತು ಕಡೆ ಇಲ್ಲ ಎನ್ನುತ್ತಾರೆ. ಆದರೂ ಕೇಳಿ. ಬೇಡಿಕೆ ಇದೆ ಎಂದು ಹೋಟೆಲಿನವರಿಗೆ ಗೊತ್ತಾದರೆ ಅವರು ಬೆಳೆಗಾರರನ್ನು ಹುಡುಕಿಕೊಂಡು ಹೋಗುತ್ತಾರೆ. ಮಾಣಿಕಟ್ಟಾದ ಕಡೆ ಹೋದವರು ಬೆಳೆದವರಿಂದಲೇ ಅಕ್ಕಿ ಕೊಳ್ಳಲಿ, ಸಾಣಿಕಟ್ಟಾದಲ್ಲಿ ಉಪ್ಪು ಕೊಳ್ಳಲಿ, ಶಿರಸಿಯಲ್ಲಿ ಮಿಡಿ ಉಪ್ಪಿನಕಾಯಿಯ ಭರಣಿ ಕೊಳ್ಳಲಿ. ಬಳಚು ಮಾತ್ರ ಸಣ್ಣ ಗಾತ್ರದ್ದಾಗಿದ್ದರೆ ಬೇಡ ಎಂದು ಹೇಳಲಿ, ಅವು ಇನ್ನೂ ಮರಿಗಳು.