ಅಣುವೋ, ಪರಮಾಣುವೋ? ಚಳ್ಳಕೆರೆ ಮಕ್ಕಳ ವಿಜ್ಞಾನದ ಇಂಗ್ಲಿಷ್

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಜಮೀನು ಪಡೆದ ಕೇಂದ್ರ ಸರ್ಕಾರದ ಸಂಸ್ಥೆಯೊಂದನ್ನು ಪತ್ರಿಕೆಗಳು ‘ಭಾಭಾ ಅಣು ಸಂಶೋಧನಾ ಕೇಂದ್ರ’ ಎಂದೇ ಬರೆಯುತ್ತವೆ. ಆದರೆ ಕನ್ನಡ ಮಾಧ್ಯಮದ ಪ್ರೌಢಶಾಲಾ ಪಠ್ಯದಲ್ಲಿ ಅಣು ಎಂದರೆ ಮಾಲಿಕ್ಯೂಲ್. ಆಟಂ ಎಂಬುದಕ್ಕೆ ಅಲ್ಲಿರುವ ಪದ ಪರಮಾಣು. ನೀರಿನ ಒಂದು ಅಣುವಿನಲ್ಲಿ ಮೂರು ಪರಮಾಣುಗಳಿರುತ್ತವೆ ಎಂದು ಶಾಲೆಯಲ್ಲಿ ಸರಿಯಾಗಿ ಕಲಿತ ಹುಡುಗಿ, ಪತ್ರಿಕೆ ಓದಿ ‘ಅಣು ಎಂದರೆ ಆಟಂ’ ಎಂದು ತಿಳಿದುಕೊಂಡರೆ ತಪ್ಪು ಅವಳದಲ್ಲ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ವಿದ್ಯಾರ್ಥಿಗೆ ಇಂತಹ ತೊಡಕುಗಳು ಹತ್ತಾರು. ಆಂಧ್ರದ ಗಡಿಗೆ ತಾಗಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಅನೇಕರ ಮನೆಮಾತು ತೆಲುಗು. ಅವರ ಪಾಲಿಗೆ ಇಂಗ್ಲಿಷ್ ಮೂರನೆಯ ಭಾಷೆ. ಅವರಿಗೆ ತಿಳಿಯದಿರುವುದು ವಿಜ್ಞಾನವಲ್ಲ, ಅದರ ಹೊಸ ಹೆಸರು. ಈ ವ್ಯತ್ಯಾಸವನ್ನು ಗುರುತಿಸದಿದ್ದರೆ ಜಾಣ ಮಕ್ಕಳೂ ತಾವು ದಡ್ಡರೆಂದು ಭಾವಿಸಿ ವಿಜ್ಞಾನವನ್ನೇ ತೊರೆಯುತ್ತಾರೆ.

ಭೌತವಿಜ್ಞಾನ: ನಿಧಾನವೂ ವೇಗೋತ್ಕರ್ಷವೇ

ಆಡುಮಾತಿನಲ್ಲಿ ಸ್ಪೀಡ್ ಎಂದರೆ ವೇಗ. ಪಠ್ಯದಲ್ಲಿ ಸ್ಪೀಡ್ ಎಂದರೆ ಜವ. ದಿಕ್ಕನ್ನೂ ಒಳಗೊಂಡ ವೆಲಾಸಿಟಿ ಮಾತ್ರ ವೇಗ. ಆ ವೇಗ ಬದಲಾಗುವ ದರವೇ ಆಕ್ಸಲರೇಶನ್, ಅಂದರೆ ವೇಗೋತ್ಕರ್ಷ. ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2024ರ ಜೂನ್ 23ರಂದು ಇಸ್ರೋದ ‘ಪುಷ್ಪಕ್’ ನೌಕೆ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲಮುಟ್ಟಿತು. ಬಳಿಕ ಪ್ಯಾರಾಚೂಟ್ ಬಿಚ್ಚಿ ಅದರ ವೇಗವನ್ನು ಸುಮಾರು 100 ಕಿಲೋಮೀಟರಿಗೆ ಇಳಿಸಲಾಯಿತು. ಆಕ್ಸಲರೇಟರ್ ತುಳಿದರೆ ಬಂಡಿ ಓಡುತ್ತದೆ ಎಂದು ಬಲ್ಲವರಿಗೆ ಅಚ್ಚರಿಯಾಗಬಹುದು: ಹೀಗೆ ವೇಗ ಕುಗ್ಗುವುದೂ ಭೌತವಿಜ್ಞಾನದಲ್ಲಿ ಆಕ್ಸಲರೇಶನ್ನೇ. ಅದರ ಚಿಹ್ನೆ ಮಾತ್ರ ಋಣ.

ರಸಾಯನವಿಜ್ಞಾನ: ಎಣ್ಣೆಯ ಊರಿನ ಪಾಠ

ಸಲ್ಯೂಶನ್ ಎಂದರೆ ಪರಿಹಾರ ಎಂದು ನಿಘಂಟು ಹೇಳುತ್ತದೆ. ಪ್ರಯೋಗಾಲಯದಲ್ಲಿ ಅದು ದ್ರಾವಣ. ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆಯಲ್ಲಿ ಇದಕ್ಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ಗಾಣದಿಂದ ಹೊರಬಂದ ಹಿಂಡಿಯಲ್ಲಿ ಉಳಿದ ಎಣ್ಣೆ ನೀರಿನಲ್ಲಿ ಕರಗದು, ಹೆಕ್ಸೇನ್ ಎಂಬ ದ್ರವದಲ್ಲಿ ಕರಗುತ್ತದೆ. ಕರಗಿಸುವ ಹೆಕ್ಸೇನ್ ದ್ರಾವಕ, ಅಂದರೆ ಸಾಲ್ವೆಂಟ್. ಕರಗುವ ಎಣ್ಣೆ ದ್ರಾವ್ಯ, ಅಂದರೆ ಸಾಲ್ಯೂಟ್. ಎರಡೂ ಬೆರೆತದ್ದು ದ್ರಾವಣ. ಹಿಂಡಿಯಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕಗಳಿಗೆ ಆ ಹೆಸರು ಬಂದದ್ದೂ ಹೀಗೆಯೇ.

ಭೂವಿಜ್ಞಾನ: ಬ್ರಹ್ಮಗಿರಿಯ ಕಲ್ಲು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿರುವುದು ಗ್ರಾನೈಟ್ ಬಂಡೆಯ ಮೇಲೆ. ಧಾನ್ಯದ ಕಾಳು ಎಂಬ ಅರ್ಥದ ಲ್ಯಾಟಿನ್ ಪದದಿಂದ ಗ್ರಾನೈಟ್ ಎಂಬ ಹೆಸರು ಬಂದಿದೆ; ಕನ್ನಡದ ‘ಕಣಶಿಲೆ’ಯೂ ಅದನ್ನೇ ಹೇಳುತ್ತದೆ. ಆದರೆ ಅಂಗಡಿಯಲ್ಲಿ ಮಾರುವ ‘ಕಪ್ಪು ಗ್ರಾನೈಟ್’ ಸಾಮಾನ್ಯವಾಗಿ ಡಾಲರೈಟಿನಂತಹ ಬೇರೆ ಶಿಲೆ. ಎರಡೂ ಅಗ್ನಿಶಿಲೆಗಳೇ ಆದರೂ ಅವುಗಳಲ್ಲಿರುವ ಖನಿಜಗಳು ಬೇರೆ. ಹಾಗೆಯೇ ಫಾಲ್ಟ್ ಎಂದರೆ ಇಲ್ಲಿ ತಪ್ಪಲ್ಲ, ಬಿರುಕಿನ ಗುಂಟ ಬಂಡೆಗಳು ಸರಿದಿರುವ ಸ್ಥಿತಿ.

ತಳಿವಿಜ್ಞಾನ: ‘ದುರ್ಬಲ’ವೆಂದರೆ ಬಡಕಲಲ್ಲ

ಮೊಳಕಾಲ್ಮೂರು ಸೀರೆಯ ಹಿಂದೆ ರೇಷ್ಮೆ ಹುಳುವಿದೆ. ಮೆಂಡೆಲ್ ಬಟಾಣಿಯಲ್ಲಿ ಕಂಡ ನಿಯಮ ಈ ಹುಳುವಿಗೂ ಅನ್ವಯಿಸುತ್ತದೆಂದು ಜಪಾನಿನ ತೋಯಾಮಾ ಕಾಮೆತಾರೊ 1906ರಲ್ಲಿ ತೋರಿಸಿದರು. ಹಳದಿ ಗೂಡಿನ ಶುದ್ಧ ತಳಿಯನ್ನು ಬಿಳಿ ಗೂಡಿನ ತಳಿಯೊಂದಿಗೆ ಕೂಡಿಸಿದಾಗ ಮೊದಲ ಪೀಳಿಗೆಯ ಗೂಡೆಲ್ಲ ಹಳದಿ. ಮುಂದಿನ ಪೀಳಿಗೆಯಲ್ಲಿ ಮೂರು ಹಳದಿಗೆ ಒಂದು ಬಿಳಿ. ಹಳದಿ ಡಾಮಿನೆಂಟ್, ಬಿಳಿ ರಿಸೆಸಿವ್. ಕನ್ನಡದಲ್ಲಿ ಇವನ್ನು ಪ್ರಬಲ, ದುರ್ಬಲ ಎನ್ನುವುದರಿಂದ ಬಿಳಿ ಗೂಡು ಕಳಪೆಯೆಂಬ ಭಾವನೆ ಮೂಡಬಹುದು. ರಿಸೆಸಿವ್ ಎಂಬ ಪದದ ಮೂಲಾರ್ಥ ಹಿಂದೆ ಸರಿಯುವುದು. ಆ ಗುಣ ಮರೆಯಾಗಿತ್ತು, ಅಳಿದಿರಲಿಲ್ಲ. ಇಲ್ಲಿ ಇಂಗ್ಲಿಷ್ ಪದವೇ ವಿಷಯವನ್ನು ಹೆಚ್ಚು ಸ್ಪಷ್ಟಪಡಿಸುತ್ತದೆ.

ಮಾಡಬೇಕಾದುದೇನು?

ಪದಪಟ್ಟಿಯ ಬಾಯಿಪಾಠದಿಂದ ಪ್ರಯೋಜನ ಅಲ್ಪ. ವಿದ್ಯಾರ್ಥಿ ತನ್ನ ಪುಸ್ತಕದಲ್ಲಿ ನಾಲ್ಕು ಅಂಕಣ ಎಳೆಯಲಿ: ಕನ್ನಡ ಪದ, ಇಂಗ್ಲಿಷ್ ಪದ, ಅದಕ್ಕೆ ಆಡುಮಾತಿನಲ್ಲಿರುವ ಬೇರೆ ಅರ್ಥ, ತನ್ನೂರಿನ ಒಂದು ಉದಾಹರಣೆ. ದಿನಕ್ಕೆ ಐದು ಪದ ಸಾಕು. ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಅಲ್ಲಿ ಪ್ರಯೋಗ ಕಲಿತು ಬರುವ ಶಿಕ್ಷಕರು ಪಿಯುಸಿಯ ಮೊದಲ ತಿಂಗಳಲ್ಲಿ ಎರಡೂ ಭಾಷೆಯ ಪದಗಳನ್ನು ಒಟ್ಟಿಗೆ ಬಳಸಿದರೆ ಅರ್ಧ ಭಯ ಕಳೆಯುತ್ತದೆ. ಪತ್ರಿಕೆಗಳಿಗೂ ಒಂದು ಕೆಲಸವಿದೆ: ಪರಮಾಣು ಎನ್ನಬೇಕಾದಲ್ಲಿ ಪರಮಾಣು ಎಂದೇ ಬರೆಯುವುದು.