ಕೊಬ್ಬರಿಗೆ ದರ ಗೊತ್ತು, ರೆಸ್ಯೂಮ್‌ಗೆ ಕಾರಣ ಗೊತ್ತಿಲ್ಲ: ನೇಮಕಾತಿ ಸಾಫ್ಟ್‌ವೇರ್ ಬೆಳೆದ ಬಗೆ

ದೀಪಾವಳಿಗೆ ಊರಿಗೆ ಹೋಗಿದ್ದಾಗ ತುರುವೇಕೆರೆ ಕಡೆಯ ನಮ್ಮ ಸಂಬಂಧಿ ಹುಡುಗನೊಬ್ಬ ಫೋನ್ ತೆಗೆದು ತೋರಿಸಿದ. ಒಂದು ಉದ್ಯೋಗ ಆಪ್‌ನಲ್ಲಿ ಅವನು ಹಾಕಿದ್ದ ಅರ್ಜಿಗಳ ಪಟ್ಟಿ. ಬೆರಳಲ್ಲಿ ಸರಿಸ್ತಾ ಹೋದ, ಮುಗೀಲೇ ಇಲ್ಲ. ಬಹುತೇಕ ಎಲ್ಲದರ ಮುಂದೆ ‘ಅರ್ಜಿ ಕಳಿಸಲಾಗಿದೆ’ ಅಂತಿತ್ತು, ಕೆಲವದರ ಮುಂದೆ ‘ಆಯ್ಕೆಯಾಗಿಲ್ಲ’ ಅಂತ.

“ಯಾಕೆ ಅಂತ ಹೇಳಲ್ವಾ?” ಅಂದೆ.

“ಅದೊಂದು ಗೊತ್ತಾಗಲ್ಲಣ್ಣ” ಅಂದ.

ಅವರಪ್ಪ ಆ ವಾರವೇ ತಿಪಟೂರಿಗೆ ಕೊಬ್ಬರಿ ಹಾಕಿ ಬಂದಿದ್ದರು. ಎಷ್ಟು ಚೀಲ, ಅವತ್ತಿನ ಟೆಂಡರ್ ಎಷ್ಟಕ್ಕೆ ನಿಂತಿತು, ಪಕ್ಕದವರ ಲಾಟಿಗೆ ಯಾಕೆ ಇನ್ನೂರು ರೂಪಾಯಿ ಜಾಸ್ತಿ ಬಂತು, ಎಲ್ಲ ಬಾಯಲ್ಲೇ ಇತ್ತು. ಅಪ್ಪನಿಗೆ ತನ್ನ ಕೊಬ್ಬರಿಯ ಬಗ್ಗೆ ಇರುವಷ್ಟು ಮಾಹಿತಿ ಮಗನಿಗೆ ತನ್ನ ಅರ್ಜಿಯ ಬಗ್ಗೆ ಇಲ್ಲ. ಇದು ಹೇಗಾಯ್ತು ಅಂತ ತಿಳಿಯಲು ನೇಮಕಾತಿ ಸಾಫ್ಟ್‌ವೇರ್ ಕಂಪನಿಗಳು ಬೆಳೆದ ದಾರಿಯನ್ನು ನೋಡಬೇಕು. ಆ ದಾರಿಯ ದೊಡ್ಡ ಭಾಗ ಬೆಂಗಳೂರಲ್ಲೇ ಇದೆ.

ಶುರುವಾಗಿದ್ದು ಒಳ್ಳೆಯ ಆಲೋಚನೆಯಿಂದ

ಶಾನ್ ಬ್ಲಾಗ್ಸ್‌ವೆಟ್ ಎಂಬ ಅಮೆರಿಕನ್ ಮೈಕ್ರೋಸಾಫ್ಟ್‌ನ ಸಂಶೋಧನಾ ಕೇಂದ್ರ ಕಟ್ಟುವ ಕೆಲಸಕ್ಕೆ ಬೆಂಗಳೂರಿಗೆ ಬಂದವರು. ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ, ರಾಜಸ್ಥಾನದ ಹಳ್ಳಿಗಳಲ್ಲಿ ಬಡತನದಿಂದ ಹೊರಬಂದವರ ಬಗ್ಗೆ ಅಧ್ಯಯನ ಮಾಡಿದ್ದರು. ಅದನ್ನು ಬ್ಲಾಗ್ಸ್‌ವೆಟ್ ಓದಿದರು. ಅದರಲ್ಲಿ ಅವರನ್ನು ಹಿಡಿದು ನಿಲ್ಲಿಸಿದ ಸಂಗತಿ ಇಷ್ಟು: ಮೇಲೆ ಬಂದ ಕುಟುಂಬಗಳಲ್ಲಿ ಅನೇಕರಿಗೆ ಊರಾಚೆ ಹೊಸ ಆದಾಯ ಸಿಕ್ಕಿತ್ತು, ಅದನ್ನು ತೋರಿಸಿಕೊಟ್ಟಿದ್ದು ಪೇಟೆಯಲ್ಲಿದ್ದ ಪರಿಚಯಸ್ಥರೋ ನೆಂಟರೋ. ಅಂದ್ರೆ ಕೆಲಸ ಇಲ್ಲ ಅನ್ನೋದಕ್ಕಿಂತ, ಎಲ್ಲಿ ಕೆಲಸ ಇದೆ ಅಂತ ಹೇಳೋರಿಲ್ಲ ಅನ್ನೋದು ಸಮಸ್ಯೆ.

ಆ ‘ಪರಿಚಯಸ್ಥ’ನ ಜಾಗದಲ್ಲಿ ತಂತ್ರಜ್ಞಾನವನ್ನು ಕೂರಿಸಬಹುದಲ್ವಾ ಅಂತ 2007ರಲ್ಲಿ ಹುಟ್ಟಿದ್ದು ಬಾಬಾಜಾಬ್. ಡ್ರೈವರ್, ಅಡುಗೆಯವರು, ಮನೆಗೆಲಸದವರು, ಸೆಕ್ಯೂರಿಟಿ ಗಾರ್ಡ್, ಆಫೀಸ್ ಬಾಯ್ ಇಂಥ ಕೆಲಸಗಳಿಗೆ. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಸಿಗಲಿ ಅಂತ ಎಸ್‌ಎಂಎಸ್, ಮಿಸ್ಡ್ ಕಾಲ್, ಧ್ವನಿ ಕರೆ ಎಲ್ಲ ಬಳಸಿದರು. 2015ರಲ್ಲಿ ಆಸ್ಟ್ರೇಲಿಯಾದ ಸೀಕ್ ಕಂಪನಿ ಮುಂದಾಳತ್ವದಲ್ಲಿ 1 ಕೋಟಿ ಡಾಲರ್ ಬಂಡವಾಳ ಬಂತು. 2017ರಲ್ಲಿ ಬೆಂಗಳೂರಿನದೇ ಆದ ಕ್ವಿಕರ್ ಅದನ್ನು ಕೊಂಡುಕೊಂಡಿತು.

ಮುಂದಿನ ಅಲೆ ಇನ್ನೂ ಜೋರು. 2019ರಲ್ಲಿ ನಿರ್ಮಿತ್ ಪಾರಿಖ್ ಶುರು ಮಾಡಿದ ಅಪ್ನಾ ಕೂಡ ಬೆಂಗಳೂರಿನ ಕಂಪನಿ. 2021ರ ಜೂನ್‌ನಲ್ಲಿ ಅದರ ಮೌಲ್ಯ 57 ಕೋಟಿ ಡಾಲರ್. ಅದೇ ಸೆಪ್ಟೆಂಬರ್‌ನಲ್ಲಿ ಟೈಗರ್ ಗ್ಲೋಬಲ್ ನೇತೃತ್ವದಲ್ಲಿ 10 ಕೋಟಿ ಡಾಲರ್ ಬಂದಾಗ 110 ಕೋಟಿ ಡಾಲರ್. ಕೋವಿಡ್ ಎರಡನೇ ಅಲೆಯಲ್ಲಿ ಕೆಲಸ ಕಳೆದುಕೊಂಡವರು ಹಳ್ಳಿಗಳಿಗೆ ವಾಪಸ್ ಬಂದಿದ್ದ ವರ್ಷವೇ ಕೆಲಸ ಹುಡುಕಿಕೊಡುವ ಕಂಪನಿಯ ಬೆಲೆ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ ಆಯ್ತು. ಇದು ತಪ್ಪು ಅಂತ ಅಲ್ಲ. ಕೆಲಸ ಹುಡುಕೋರ ಸಂಖ್ಯೆಯೇ ಇಲ್ಲಿ ಸರಕು ಅನ್ನೋದನ್ನ ಗಮನಿಸಿ ಅಂತ ಅಷ್ಟೇ.

ದುಡ್ಡು ಕೊಡೋರು ಯಾರು?

ನಮಗೆ ಈ ಆಪ್‌ಗಳು ಬಹುಪಾಲು ಉಚಿತ. ಜಾಹೀರಾತು ಹಾಕಲು, ಅಭ್ಯರ್ಥಿಗಳ ಡೇಟಾಬೇಸ್ ನೋಡಲು, ಅರ್ಜಿಗಳನ್ನು ಜರಡಿ ಹಿಡಿಯಲು ದುಡ್ಡು ಕೊಡುವುದು ಕಂಪನಿಗಳು. ಹಾಗಾಗಿ ಸಾಫ್ಟ್‌ವೇರ್ ಯಾರ ಕಷ್ಟ ಪರಿಹರಿಸುತ್ತೆ? ಹಣ ಕೊಡೋರದ್ದು.

ಕಂಪನಿಯ ಕಷ್ಟ ಏನು? ಒಂದು ಹುದ್ದೆಗೆ ಸಾವಿರಾರು ಅರ್ಜಿ. ಒಂದು ಕ್ಲಿಕ್‌ಗೆ ಅರ್ಜಿ ಹಾಕುವ ಸೌಲಭ್ಯ ಕೊಟ್ಟಿದ್ದೇ ಈ ಸಾಫ್ಟ್‌ವೇರ್, ಅದರಿಂದ ಬಂದ ರಾಶಿಯನ್ನು ಕಡಿಮೆ ಮಾಡಲು ಜರಡಿ ಮಾರುವುದೂ ಇದೇ. ಜರಡಿ ಕೆಲಸ ಮಾಡುವುದು ಹೀಗೆ: ರೆಸ್ಯೂಮ್‌ನ ಅಕ್ಷರಗಳನ್ನು ಒಡೆದು ಹೆಸರು, ಊರು, ಕಾಲೇಜು, ಅಂಕ, ಪಾಸಾದ ವರ್ಷ, ಕೌಶಲ್ಯ ಅಂತ ಖಾನೆಗಳಿಗೆ ತುಂಬುತ್ತೆ. ಆಮೇಲೆ ಕಂಪನಿ ಹಾಕಿದ ಷರತ್ತುಗಳಿಗೆ ತಾಳೆ ನೋಡುತ್ತೆ. ಮೂರರಲ್ಲೂ 60 ಪರ್ಸೆಂಟ್ ಇಲ್ಲ, ಹೊರಗೆ. ಇಂತಿಷ್ಟು ಕಿಲೋಮೀಟರ್ ಒಳಗೆ ಮನೆ ಇಲ್ಲ, ಹೊರಗೆ. ಓದು ಮುಗಿಸಿ ಒಂದು ವರ್ಷ ಖಾಲಿ, ಹೊರಗೆ. ಉಳಿದವರಿಗೆ ಅಂಕ ಕೊಟ್ಟು ಸಾಲಾಗಿ ನಿಲ್ಲಿಸುತ್ತೆ. ಮೇಲಿನ ಮೂವತ್ತೋ ನಲವತ್ತೋ ಜನರನ್ನ ಮಾತ್ರ ಮನುಷ್ಯರು ನೋಡ್ತಾರೆ.

ಈ 60ರ ಗೆರೆ ನನಗೆ ಹೊಸದಲ್ಲ. ನಾನು ಇಂಜಿನಿಯರಿಂಗ್ ಮುಗಿಸುವ ವರ್ಷ ಕ್ಯಾಂಪಸ್‌ಗೆ ಬಂದ ಕಂಪನಿಯೊಂದು ಹತ್ತನೇ ತರಗತಿ, ಪಿಯುಸಿ, ಡಿಗ್ರಿ ಮೂರರಲ್ಲೂ ಅಷ್ಟು ಕೇಳಿತು. ನಮಗೆಲ್ಲ ಸಿ ಪ್ರೋಗ್ರಾಮಿಂಗ್ ಹೇಳಿಕೊಟ್ಟಿದ್ದ ಚಿಕ್ಕನಾಯಕನಹಳ್ಳಿ ಕಡೆಯ ಗೆಳೆಯನಿಗೆ ಪಿಯುಸಿಯಲ್ಲಿ 58. ಹತ್ತರವರೆಗೆ ಕನ್ನಡ ಮೀಡಿಯಂ, ಪಿಯುಸಿ ಸೈನ್ಸ್ ಇಂಗ್ಲಿಷಲ್ಲಿ. ಮೊದಲ ವರ್ಷ ಭಾಷೆ ಅರಗಿಸಿಕೊಳ್ಳೋದರಲ್ಲೇ ಹೋಗಿತ್ತು. ಆದರೆ ಅವತ್ತು ಆ ಗೆರೆ ನೋಟಿಸ್ ಬೋರ್ಡ್ ಮೇಲಿತ್ತು. ನಾವು ಪ್ಲೇಸ್‌ಮೆಂಟ್ ಆಫೀಸರ್ ಹತ್ತಿರ ಹೋಗಿ ಜಗಳ ಆಡಿದ್ವಿ. ಗೆಲ್ಲಲಿಲ್ಲ, ಆದರೆ ಯಾರ ಜೊತೆ, ಯಾವುದಕ್ಕೆ ಜಗಳ ಅಂತ ಗೊತ್ತಿತ್ತು. ಇವತ್ತು ಗೆರೆ ಸಾಫ್ಟ್‌ವೇರ್ ಒಳಗೆ ಹೋಗಿದೆ.

ಇನ್ನೊಂದು ವಿಷಯ. ಅದೇ ಅನಿರುದ್ಧ ಕೃಷ್ಣ ಅವರು ವಿಜಯ್ ಬ್ರಹ್ಮದೇಶಂ ಜೊತೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗಳ ಬಗ್ಗೆಯೂ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದರು. ಹಳ್ಳಿ ಶಾಲೆಯಲ್ಲಿ ಓದಿ ಅಲ್ಲಿಗೆ ಮುಟ್ಟಿದವರು ತೀರಾ ಕಡಿಮೆ, ಓದಿದ ತಂದೆತಾಯಿಯ ಮಕ್ಕಳೇ ಹೆಚ್ಚು. ಬಾಬಾಜಾಬ್‌ಗೆ ಪ್ರೇರಣೆಯಾದ ಅಧ್ಯಯನವನ್ನು ನೆನಪಿಟ್ಟುಕೊಂಡ ಉದ್ಯಮ ಈ ಎರಡನೆಯದನ್ನೂ ನೆನಪಿಟ್ಟುಕೊಳ್ಳಬೇಕಿತ್ತು. ಮಾಹಿತಿ ತಲುಪಿದ ಮಾತ್ರಕ್ಕೆ ಬಾಗಿಲು ತೆರೆಯಲ್ಲ.

ಎಪಿಎಂಸಿಯಿಂದ ಕಲಿಯೋದಿದೆ

ತಿಪಟೂರು ಮಾರುಕಟ್ಟೆಯಲ್ಲಿ ಮೋಸವೇ ಇಲ್ಲ ಅಂತ ನಮ್ಮ ಕಡೆಯ ಯಾವ ರೈತನೂ ಹೇಳಲಾರ. ಆದರೂ ಅಲ್ಲಿ ಎರಡು ವಿಷಯ ಇವೆ. ಒಂದು, ದರ ಎಲ್ಲರಿಗೂ ಕಾಣುತ್ತೆ. ಎರಡು, ಒಪ್ಪಿಗೆಯಾಗದಿದ್ದರೆ ರೈತ ಮಾರಲ್ಲ ಅನ್ನಬಹುದು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. ಆ ಅಂತರ ಎಲ್ಲರ ಕಣ್ಣಿಗೆ ಬಿತ್ತು. ಅದಕ್ಕೇ ರೈತರು ಬೀದಿಗೆ ಇಳಿದರು, ನಾಫೆಡ್ ಖರೀದಿ ಬಗ್ಗೆ ಸರ್ಕಾರವನ್ನು ಕೇಳಿದರು. ಅಂಕಿ ಕಂಡರೆ ಹೋರಾಟ ಹುಟ್ಟುತ್ತೆ.

ಕೆಲಸದ ಮಾರುಕಟ್ಟೆಯಲ್ಲಿ ಆ ಅಂಕಿಯೇ ಕಾಣಲ್ಲ. ತನ್ನ ಅರ್ಜಿಯನ್ನು ಯಾರಾದರೂ ತೆರೆದರೋ ಇಲ್ಲವೋ ಅಂತಲೂ ಹುಡುಗನಿಗೆ ಗೊತ್ತಿಲ್ಲ. ಅವನು ಅಂದುಕೊಳ್ಳೋದು, ‘ನನ್ನಲ್ಲೇ ಏನೋ ಕಮ್ಮಿ’ ಅಂತ. ಒಂದು ಇಡೀ ತಾಲ್ಲೂಕಿನ ಯುವಕರ ಸಮಸ್ಯೆ ಹೀಗೆ ಒಬ್ಬೊಬ್ಬರ ಖಾಸಗಿ ಅವಮಾನ ಆಗಿಬಿಡುತ್ತೆ.

ಏನು ಕೇಳಬೇಕು?

2024ರ ಜುಲೈ ನೆನಪಿದೆಯಾ? ಖಾಸಗಿ ವಲಯದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಉದ್ಯಮಿಗಳು ಗುಡುಗಿದರು, ಒಂದೆರಡು ದಿನದಲ್ಲೇ ಅದನ್ನು ತಡೆಹಿಡಿಯಲಾಯಿತು. ಮೀಸಲಾತಿ ಬೇಕೋ ಬೇಡವೋ ಚರ್ಚೆ ಮುಂದುವರಿಯಲಿ. ಆದರೆ ಯಾರು ಒಳಗೆ ಯಾರು ಹೊರಗೆ ಅಂತ ದಿನವೂ ತೀರ್ಮಾನಿಸುತ್ತಿರುವ ಜರಡಿಯ ಬಗ್ಗೆ ಆ ಚರ್ಚೆಯಲ್ಲಿ ಮಾತೇ ಬರಲಿಲ್ಲ.

ನ್ಯೂಯಾರ್ಕ್ ನಗರದಲ್ಲಿ 2023ರ ಜುಲೈನಿಂದ ಇಂಥ ಸಾಫ್ಟ್‌ವೇರ್ ಬಳಸುವ ಕಂಪನಿಗಳು ಅದರಲ್ಲಿ ತಾರತಮ್ಯ ಇದೆಯಾ ಅಂತ ಸ್ವತಂತ್ರ ಆಡಿಟ್ ಮಾಡಿಸಬೇಕು, ಅಭ್ಯರ್ಥಿಗೆ ಮೊದಲೇ ತಿಳಿಸಬೇಕು. ಯುರೋಪಿನ 2024ರ ಎಐ ಕಾನೂನು ನೇಮಕಾತಿ ಎಐಯನ್ನು ‘ಹೆಚ್ಚು ಅಪಾಯ’ದ ಪಟ್ಟಿಗೆ ಸೇರಿಸಿದೆ. ನಮ್ಮ 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ನಮ್ಮ ಮಾಹಿತಿ ತಿದ್ದಿಸುವ, ಅಳಿಸುವ ಹಕ್ಕು ಕೊಡುತ್ತೆ. ಯಂತ್ರ ನನ್ನನ್ನು ಯಾಕೆ ತಿರಸ್ಕರಿಸಿತು ಅಂತ ಕೇಳುವ ಹಕ್ಕು ಅದರಲ್ಲಿಲ್ಲ.

ಹಾಗಾದರೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಕಡ್ಡಾಯ ಷರತ್ತುಗಳನ್ನು ಜಾಹೀರಾತಿನಲ್ಲೇ ಹಾಕಿ. ತಿರಸ್ಕರಿಸಿದರೆ ಯಾವ ಷರತ್ತಿಗೆ ಅಂತ ಒಂದು ಸಾಲಲ್ಲಿ ಹೇಳಿ. ಸಾಫ್ಟ್‌ವೇರ್‌ಗೆ ಆ ಕಾರಣ ಗೊತ್ತಿರುತ್ತೆ, ತೋರಿಸೋಕೆ ಒಂದು ಕಾಲಂ ಸಾಕು. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದು ಕಷ್ಟದ ಕೋಡ್ ಅಲ್ಲ. ರಾಜ್ಯ ಸರ್ಕಾರ ತನ್ನದೇ ಸ್ಕಿಲ್ ಕನೆಕ್ಟ್ ಪೋರ್ಟಲ್‌ನಿಂದ ಇದನ್ನ ಶುರು ಮಾಡಬಹುದು.

ನಮ್ಮೂರಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಒಣಗಿಸ್ತಾರೆ. ಆಮೇಲೆ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಗಿಟುಕು ಗಡಗಡ ಅಂದರೆ ಮಾತ್ರ ಸುಲೀತಾರೆ. ಮಗನನ್ನು ಓದಿಸಲು ಹದಿನಾರು ವರ್ಷ ಕಾದ ಅಪ್ಪನಿಗೆ, ಅವನನ್ನು ಯಾರಾದರೂ ಕೈಯಲ್ಲಾದರೂ ಹಿಡಿದು ನೋಡಿದ್ರಾ ಅಂತ ತಿಳಿಯುವ ಹಕ್ಕಿದೆ.